ಡಾಬೊ ಸ್ವಿನಿ: ಏಳೇ ಕ್ಯಾಚ್ ಹಿಡಿದ ಆಟಗಾರ ಇಷ್ಟು ದೊಡ್ಡ ಕೋಚ್ ಆಗಿದ್ದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಯಾರಿದು ಡಾಬೊ ಸ್ವಿನಿ?

ಅಮೆರಿಕದ ಸೌತ್ ಕ್ಯಾರೊಲೈನಾ ರಾಜ್ಯದಲ್ಲಿ ಕ್ಲೆಮ್ಸನ್ ಅಂತ ಒಂದು ಸಣ್ಣ ಊರಿದೆ. ಅಲ್ಲಿನ ಯೂನಿವರ್ಸಿಟಿಯ ಫುಟ್‌ಬಾಲ್ ತಂಡಕ್ಕೆ ಇವರು ಹೆಡ್ ಕೋಚ್. 2008ರಿಂದ ಅದೇ ಹುದ್ದೆಯಲ್ಲಿದ್ದಾರೆ. 2016 ಮತ್ತು 2018ರ ಸೀಸನ್‌ಗಳಲ್ಲಿ ನ್ಯಾಷನಲ್ ಚಾಂಪಿಯನ್‌ಶಿಪ್ ಗೆದ್ದರು. ತಮ್ಮ ಕಾನ್ಫರೆನ್ಸ್ (ಅಂದರೆ ತಮ್ಮತಮ್ಮಲ್ಲೇ ಆಡುವ ಕಾಲೇಜುಗಳ ಗುಂಪು) ಆದ ಎಸಿಸಿಯಲ್ಲಿ ಒಂಬತ್ತು ಸಲ ಚಾಂಪಿಯನ್. ಆದರೆ ಆಟಗಾರನಾಗಿ ಅವರ ಲೆಕ್ಕ ಏನು ಗೊತ್ತಾ? ಏಳು ಕ್ಯಾಚ್, 81 ಯಾರ್ಡ್. ಒಂದು ಪಂದ್ಯದ್ದಲ್ಲ, ಇಡೀ ಕಾಲೇಜು ಜೀವನದ್ದು. ದೊಡ್ಡ ರಿಸೀವರ್‌ಗಳು ಇಷ್ಟನ್ನು ಒಂದೇ ಮಧ್ಯಾಹ್ನದಲ್ಲಿ ಮಾಡಿ ಮನೆಗೆ ಹೋಗುತ್ತಾರೆ.

ಡಾಬೊ ಅನ್ನೋದು ಎಂಥ ಹೆಸರು?

ಅಪ್ಪ ಅಮ್ಮ ಇಟ್ಟ ಹೆಸರು ವಿಲಿಯಂ ಕ್ರಿಸ್ಟೋಫರ್ ಸ್ವಿನಿ. ಹುಟ್ಟಿದ್ದು 1969ರ ನವೆಂಬರ್ 20ಕ್ಕೆ, ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್‌ನಲ್ಲಿ. ಪುಟ್ಟ ಅಣ್ಣ ಮಗುವನ್ನು 'ದಟ್ ಬಾಯ್' ಅಂತ ಕರೆಯೋಕೆ ಹೋಗಿ, ನಾಲಗೆ ತಿರುಗದೆ 'ಡಾಬೊ' ಅಂದ. ಅದೇ ನಿಂತುಬಿಟ್ಟಿತು. ನಮ್ಮ ಮನೆಗಳಲ್ಲೂ ಪುಟ್ಟಿ, ಚಿನ್ನಿ, ಗುಂಡ ಅಂತ ಇಟ್ಟ ಹೆಸರು ಅರವತ್ತು ದಾಟಿದರೂ ಹೋಗಲ್ಲ, ಅಲ್ವಾ? ಅದೇ ಕಥೆ. ಇವರ ವಿಷಯದಲ್ಲಿ ಅದು ಟಿವಿ ಪರದೆ ಮೇಲೂ ಬರುತ್ತೆ, ಅಷ್ಟೇ ವ್ಯತ್ಯಾಸ.

ನನಗೆ ಅಮೆರಿಕನ್ ಫುಟ್‌ಬಾಲ್ ಒಂದಕ್ಷರ ಗೊತ್ತಿಲ್ಲ. ಅರ್ಥ ಆಗುತ್ತಾ?

ಆಗುತ್ತೆ. ಇಷ್ಟು ತಿಳಿದರೆ ಸಾಕು. ಕಡೆಗೆ ಹನ್ನೊಂದು ಜನ. ಚೆಂಡು ಇರುವ ತಂಡಕ್ಕೆ ನಾಲ್ಕು ಅವಕಾಶ. ಅಷ್ಟರಲ್ಲಿ ಹತ್ತು ಯಾರ್ಡ್ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು ಅವಕಾಶ ಸಿಗುತ್ತೆ, ಇಲ್ಲದಿದ್ದರೆ ಚೆಂಡು ಎದುರಾಳಿಗೆ. ಮೈದಾನದ ಕೊನೆ ಗೆರೆ ದಾಟಿಸಿದರೆ ಟಚ್‌ಡೌನ್, ಅದಕ್ಕೆ ಆರು ಪಾಯಿಂಟ್. ಕಂಬಗಳ ನಡುವೆ ಒದ್ದರೆ ಫೀಲ್ಡ್ ಗೋಲ್, ಮೂರು ಪಾಯಿಂಟ್. ಚೆಂಡು ಎಸೆಯುವವನು ಕ್ವಾರ್ಟರ್‌ಬ್ಯಾಕ್, ಓಡಿ ಹೋಗಿ ಹಿಡಿಯುವವನು ರಿಸೀವರ್. ಡಾಬೊ ರಿಸೀವರ್ ಆಗಿದ್ದರು. ಅಥವಾ ಬೆಂಚಿನ ಮೇಲೆ ಕೂತ ರಿಸೀವರ್ ಅನ್ನಿ.

ಇನ್ನೊಂದು ವಿಷಯ. ಕಾಲೇಜು ಟೀಮ್ ಅಂದ ತಕ್ಷಣ ನಮ್ಮ ಇಂಟರ್ ಕಾಲೇಜ್ ಪಂದ್ಯ ನೆನಪಿಗೆ ಬಂದರೆ ಅದನ್ನು ಮರೆತುಬಿಡಿ. ಕ್ಲೆಮ್ಸನ್ ಮೈದಾನದಲ್ಲಿ 80 ಸಾವಿರಕ್ಕೂ ಜಾಸ್ತಿ ಜನ ಕೂರುತ್ತಾರೆ. ಊರಿನ ಜನಸಂಖ್ಯೆಯೇ ಅಷ್ಟಿಲ್ಲ.

ವಾಕ್-ಆನ್ ಅಂದರೆ ಏನು? ಎಲ್ಲ ಕಡೆ ಆ ಪದ ಬರುತ್ತಲ್ಲ?

ಒಳ್ಳೆಯ ಆಟಗಾರರನ್ನು ಯೂನಿವರ್ಸಿಟಿಗಳು ಹೈಸ್ಕೂಲಿನಲ್ಲೇ ಹುಡುಕಿ ಸ್ಕಾಲರ್‌ಶಿಪ್ ಕೊಟ್ಟು ಕರೆದುಕೊಂಡು ಬರುತ್ತವೆ. ಫೀಸು, ಊಟ, ವಸತಿ ಎಲ್ಲ ಫ್ರೀ. ಯಾರೂ ಕರೆಯದಿದ್ದರೂ ತಾವೇ ಹೋಗಿ 'ನನಗೂ ಒಂದು ಚಾನ್ಸ್ ಕೊಡಿ' ಅಂತ ನಿಲ್ಲುವವರು ವಾಕ್-ಆನ್‌ಗಳು. ಅದೇ ಪ್ರಾಕ್ಟೀಸು, ಅದೇ ಪೆಟ್ಟು. ಆದರೆ ಫೀಸು ನಿಮ್ಮದೇ. ಪಂದ್ಯದ ದಿನ ಮೈದಾನಕ್ಕೆ ಇಳಿಸುತ್ತಾರೆ ಅನ್ನೋ ಗ್ಯಾರಂಟಿಯೂ ಇಲ್ಲ.

1989ರಲ್ಲಿ ಡಾಬೊ ಅಲಬಾಮಾ ಯೂನಿವರ್ಸಿಟಿ ತಂಡಕ್ಕೆ ಸೇರಿದ್ದು ಹೀಗೆ. ಆಮೇಲೆ ಸ್ಕಾಲರ್‌ಶಿಪ್ ಸಂಪಾದಿಸಿಕೊಂಡರು. ಈ ಪದ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಕಾಲೇಜಿನಲ್ಲಿ ಅಮ್ಮನ ಜೊತೆ ಒಂದೇ ರೂಮಿನಲ್ಲಿ ಇದ್ದರಂತೆ, ನಿಜವಾ?

ನಿಜ. ಡಾಬೊ ಕಥೆ ಹೇಳುವವರೆಲ್ಲ ಇಲ್ಲಿ ಸ್ವಲ್ಪ ನಿಲ್ಲುತ್ತಾರೆ. ನಾನೂ ನಿಲ್ಲುತ್ತೇನೆ.

ಅಪ್ಪನಿಗೆ ಕುಡಿತದ ಚಟ, ಮೇಲೆ ಸಾಲ. ಮನೆ ಹೋಯಿತು. ಅಪ್ಪ ಅಮ್ಮ ಬೇರೆಯಾದರು. ಅಮ್ಮನಿಗೆ ಚಿಕ್ಕಂದಿನಲ್ಲಿ ಪೋಲಿಯೊ ಆಗಿತ್ತು. ಇರೋಕೆ ಜಾಗ ಇಲ್ಲ ಅಂದಾಗ ಮಗ ತನ್ನ ಅಪಾರ್ಟ್‌ಮೆಂಟಿಗೇ ಕರೆದ. ಅಲ್ಲಿ ಆಗಲೇ ಒಬ್ಬ ರೂಮ್‌ಮೇಟ್ ಇದ್ದ. ಅವನಿಗೆ ಒಂದು ಕೋಣೆ, ತಾಯಿ ಮಗನಿಗೆ ಒಂದು. ಅಮ್ಮ ಬೆಳಿಗ್ಗೆ ಎದ್ದು ಯೂನಿವರ್ಸಿಟಿ ಇರುವ ಟಸ್ಕಲೂಸಾದಿಂದ ಬರ್ಮಿಂಗ್‌ಹ್ಯಾಮಿಗೆ ಸುಮಾರು ಒಂದು ಗಂಟೆ ಕಾರು ಓಡಿಸಿಕೊಂಡು ಹೋಗಿ, ಅಲ್ಲಿನ ಒಂದು ದೊಡ್ಡ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡಿ, ಮತ್ತೆ ಅಷ್ಟೇ ದೂರ ವಾಪಸು ಬರುತ್ತಿದ್ದರು. ಮಗನಿಗೆ ಬೆಳಿಗ್ಗೆ ಕ್ಲಾಸು, ಮಧ್ಯಾಹ್ನ ಪ್ರಾಕ್ಟೀಸು. ಬೇಸಿಗೆ ರಜೆಯಲ್ಲಿ ಮನೆ ಮನೆಗೆ ಹೋಗಿ ಸೂರಿನಂಚಿನ ಮಳೆನೀರಿನ ದೋಣಿಯಲ್ಲಿ ಕಟ್ಟಿಕೊಂಡ ಎಲೆ ಕಸ ತೆಗೆಯೋ ಕೆಲಸ.

ಇಪ್ಪತ್ತು ವರ್ಷದ ಹುಡುಗರಿಗೆ ಅಮ್ಮ ರೂಮಿಗೆ ಫೋನ್ ಮಾಡಿದರೇ ಸ್ನೇಹಿತರ ಮುಂದೆ ನಾಚಿಕೆ. ಇಲ್ಲಿ ಅಮ್ಮ ಅಲ್ಲೇ ಇದ್ದರು. ಡಾಬೊ ಇದನ್ನು ಯಾವತ್ತೂ ಮುಚ್ಚಿಟ್ಟಿಲ್ಲ.

ಅಪ್ಪನ ಕಥೆಯೂ ಅಲ್ಲಿಗೆ ನಿಲ್ಲಲಿಲ್ಲ. ಅವರು ಕುಡಿತ ಬಿಟ್ಟರು. ಅಪ್ಪ ಮಗ ಮತ್ತೆ ಹತ್ತಿರವಾದರು. 2015ರ ಆಗಸ್ಟ್‌ನಲ್ಲಿ ತೀರಿಕೊಂಡರು. ಮಗ ಮೊದಲ ಸಲ ಫೈನಲ್ ತಲುಪಿದ್ದು ಅದೇ ಸೀಸನ್.

ಏಳು ಕ್ಯಾಚ್ ಹಿಡಿದವರ ಕೈಗೆ ಚಾಂಪಿಯನ್ ಉಂಗುರ ಹೇಗೆ ಬಂತು?

ಚಾಂಪಿಯನ್ ತಂಡದ ಆಟಗಾರರಿಗೆಲ್ಲ ಅಲ್ಲಿ ಉಂಗುರ ಕೊಡುತ್ತಾರೆ, ತಂಡ ಗೆದ್ದಿದ್ದಕ್ಕೆ ಬಂತು. 1992ರ ಸೀಸನ್‌ನಲ್ಲಿ ಜೀನ್ ಸ್ಟಾಲಿಂಗ್ಸ್ ಕೋಚ್ ಆಗಿದ್ದ ಅಲಬಾಮಾ ಒಂದು ಪಂದ್ಯವನ್ನೂ ಸೋಲಲಿಲ್ಲ. 1993ರ ಜನವರಿ 1ರಂದು ಶುಗರ್ ಬೌಲ್ ಅನ್ನೋ ಸೀಸನ್ ಕೊನೆಯ ದೊಡ್ಡ ಪಂದ್ಯದಲ್ಲಿ ಮಯಾಮಿಯನ್ನು 34-13ರಲ್ಲಿ ಬಡಿದು ನ್ಯಾಷನಲ್ ಚಾಂಪಿಯನ್ ಆಯಿತು. ಡಾಬೊ ಆ ತಂಡದಲ್ಲಿದ್ದರು. ಓದಿನಲ್ಲೂ ಚುರುಕು. ಕಾಮರ್ಸ್ ಡಿಗ್ರಿ ಮುಗಿಸಿ, 1995ರಲ್ಲಿ ಎಂಬಿಎ ಕೂಡ ಮಾಡಿಕೊಂಡರು. ಆ ಎಂಬಿಎ ಸುಮ್ನೆ ಹೋಗಲಿಲ್ಲ, ಮುಂದೆ ಹೇಳುತ್ತೇನೆ.

ಆಟ ಮುಗಿದ ಮೇಲೆ ನೇರ ಕೋಚ್ ಆಗಿಬಿಟ್ಟರಾ?

ಇಲ್ಲಪ್ಪ. ಕಾಲೇಜು ಕೋಚಿಂಗ್‌ಗೆ ಒಂದು ಏಣಿ ಇದೆ. ಕೆಳಗಿನ ಮೆಟ್ಟಿಲು ಗ್ರ್ಯಾಜುಯೇಟ್ ಅಸಿಸ್ಟೆಂಟ್. ಎಂಬಿಎ ಥರ ಏನಾದರೂ ಓದುತ್ತಾ, ಪುಡಿಗಾಸಿಗೆ ದಿನವಿಡೀ ಪಂದ್ಯದ ವಿಡಿಯೊ ಕತ್ತರಿಸುತ್ತಾ, ಹೇಳಿದ್ದೆಲ್ಲ ಮಾಡುವ ಕೆಲಸ. ಅದರ ಮೇಲೆ ಪೊಸಿಷನ್ ಕೋಚ್, ಅಂದರೆ ರಿಸೀವರ್‌ಗಳಿಗೆ ಒಬ್ಬರು, ಲೈನ್‌ಮನ್‌ಗಳಿಗೆ ಒಬ್ಬರು, ಹೀಗೆ. ಅದರ ಮೇಲೆ ಕೋಆರ್ಡಿನೇಟರ್. ಇವರು ಆಟದ ಅರ್ಧ ಭಾಗ ನೋಡಿಕೊಳ್ಳುತ್ತಾರೆ, ಒಂದೋ ಆಫೆನ್ಸ್ (ಚೆಂಡು ತಮ್ಮ ಕೈಯಲ್ಲಿದ್ದಾಗಿನ ಆಟ) ಇಲ್ಲವೇ ಡಿಫೆನ್ಸ್ (ಎದುರಾಳಿಯನ್ನು ತಡೆಯುವ ಆಟ). ಎಲ್ಲಕ್ಕಿಂತ ಮೇಲೆ ಹೆಡ್ ಕೋಚ್.

ಡಾಬೊ ಅಲಬಾಮಾದಲ್ಲೇ ಗ್ರ್ಯಾಜುಯೇಟ್ ಅಸಿಸ್ಟೆಂಟ್ ಆದರು, 1996ರಲ್ಲಿ ಪೂರ್ಣಾವಧಿ ಅಸಿಸ್ಟೆಂಟ್ ಆದರು. ಕೋಆರ್ಡಿನೇಟರ್ ಮೆಟ್ಟಿಲನ್ನು ಅವರು ಯಾವತ್ತೂ ಹತ್ತಲೇ ಇಲ್ಲ. ನೇರ ಹಾರಿದರು. ಆದರೆ ಅದಕ್ಕೂ ಮೊದಲು ಏಣಿಯಿಂದಲೇ ಕೆಳಗೆ ಬಿದ್ದರು.

ಬಿದ್ದರು ಅಂದರೆ?

2000ದ ಸೀಸನ್‌ನಲ್ಲಿ ಅಲಬಾಮಾ ತೀರಾ ಕೆಟ್ಟದಾಗಿ ಆಡಿತು. ಹೆಡ್ ಕೋಚ್ ಹೋದರು, ಅವರ ಜೊತೆ ಇಡೀ ಸಿಬ್ಬಂದಿಯೂ ಹೋಯಿತು. ಅಲ್ಲಿನ ಪದ್ಧತಿಯೇ ಹಾಗೆ. ಮೇಲಿನವರ ಕುರ್ಚಿ ಅಲುಗಿದರೆ ಕೆಳಗಿನವರು ಮನೆ ಖಾಲಿ ಮಾಡಬೇಕು.

ಹಳೆಯ ಪರಿಚಯ ಕೈ ಹಿಡಿಯಿತು. ಅಲಬಾಮಾದಲ್ಲಿ ಅವರಿಗೆ ಕಸರತ್ತು ಮಾಡಿಸುತ್ತಿದ್ದ ರಿಚ್ ವಿಂಗೊ ಈಗ ಬರ್ಮಿಂಗ್‌ಹ್ಯಾಮ್‌ನ ಎಐಜಿ ಬೇಕರ್ ಅನ್ನೋ ರಿಯಲ್ ಎಸ್ಟೇಟ್ ಕಂಪನಿಯಲ್ಲಿದ್ದರು. ಡಾಬೊಗೆ ಅಲ್ಲೇ ಕೆಲಸ ಕೊಟ್ಟರು. ಎಂತಹ ಕೆಲಸ? ಶಾಪಿಂಗ್ ಸೆಂಟರ್‌ಗಳಲ್ಲಿ ಮಳಿಗೆಗಳನ್ನು ಬಾಡಿಗೆಗೆ ಕೊಡಿಸೋದು. ಎಂಬಿಎ ಉಪಯೋಗಕ್ಕೆ ಬಂದಿದ್ದು ಇಲ್ಲೇ. ಸುಮಾರು ಎರಡು ವರ್ಷ, 2001ರಿಂದ 2003ರ ತನಕ, ಫುಟ್‌ಬಾಲ್‌ಗೂ ಅವರಿಗೂ ನಂಟೇ ಇರಲಿಲ್ಲ.

ನನ್ನನ್ನು ಕೇಳಿದರೆ ಅವರ ನಿಜವಾದ ತರಬೇತಿ ಆ ಎರಡು ವರ್ಷವೇ. ಖಾಲಿ ಮಳಿಗೆ ತೋರಿಸಿ 'ಇಲ್ಲಿ ನಿಮ್ಮ ಅಂಗಡಿ ಹೇಗೆ ಕಾಣುತ್ತೆ ನೋಡಿ' ಅಂತ ಒಪ್ಪಿಸೋಕೂ, ಹದಿನೇಳು ವರ್ಷದ ಹುಡುಗನ ಮನೆ ಸೋಫಾ ಮೇಲೆ ಕೂತು ಅವನ ಅಮ್ಮನಿಗೆ 'ನಿಮ್ಮ ಮಗನನ್ನು ನಮ್ಮ ಕಾಲೇಜಿಗೆ ಕಳಿಸಿ' ಅನ್ನೋಕೂ ಅಂಥ ವ್ಯತ್ಯಾಸ ಏನಿದೆ ಹೇಳಿ?

ಮತ್ತೆ ವಾಪಸು ಹೇಗೆ ಬಂದರು?

ಮತ್ತೆ ಹಳೆಯ ಪರಿಚಯವೇ. ಆಟಗಾರನಾಗಿದ್ದಾಗ ಇವರಿಗೆ ರಿಸೀವರ್ ಕೋಚ್ ಆಗಿದ್ದ ಟಾಮಿ ಬೌಡನ್ ಆಗ ಕ್ಲೆಮ್ಸನ್‌ನಲ್ಲಿ ಹೆಡ್ ಕೋಚ್ ಆಗಿದ್ದರು. 2003ರಲ್ಲಿ ಕರೆದರು, ಇವರು ಹೋದರು. ಅಲ್ಲೂ ರಿಸೀವರ್‌ಗಳಿಗೇ ಕೋಚ್. ಆಟಗಾರರನ್ನು ಒಲಿಸಿ ಕರೆತರೋದರಲ್ಲಿ ಬೇಗ ಹೆಸರು ಮಾಡಿದರು.

2008ರಲ್ಲಿ ಏನಾಯಿತು?

ಸೀಸನ್ ಶುರುವಾದಾಗ ಕ್ಲೆಮ್ಸನ್ ಮೇಲೆ ಎಲ್ಲರಿಗೂ ಭಾರೀ ಆಸೆ. ಆರು ಪಂದ್ಯ ಮುಗಿದಾಗ ಮೂರು ಗೆಲುವು, ಮೂರು ಸೋಲು. ಅಕ್ಟೋಬರ್ 13, ಸೋಮವಾರ. ಬೌಡನ್ ಕೆಳಗಿಳಿದರು. ಕ್ರೀಡಾ ನಿರ್ದೇಶಕ ಟೆರಿ ಡಾನ್ ಫಿಲಿಪ್ಸ್ ಹಂಗಾಮಿ ಹೆಡ್ ಕೋಚ್ ಆಗಿ ಡಾಬೊ ಹೆಸರು ಹೇಳಿದರು. ಹೆಡ್ ಕೋಚ್ ಆಗಿ ಅನುಭವ ಇಲ್ಲ, ಕೋಆರ್ಡಿನೇಟರ್ ಕೂಡ ಆಗಿದ್ದವರಲ್ಲ, ವಯಸ್ಸು 38.

ಹಂಗಾಮಿ ಅಂದರೆ ಸಾಮಾನ್ಯವಾಗಿ ಕುರ್ಚಿ ಬಿಸಿ ಇಟ್ಟುಕೊಂಡು ಕೂರೋದು. ಡಾಬೊ ಹಾಗೆ ಕೂರಲಿಲ್ಲ. ಬಂದ ಕೂಡಲೇ ಆಫೆನ್ಸ್ ಕೋಆರ್ಡಿನೇಟರ್‌ನನ್ನು ತೆಗೆದರು. ಪಂದ್ಯಕ್ಕೆ ಎರಡು ಗಂಟೆ ಮುಂಚೆ ಆಟಗಾರರೆಲ್ಲ ಪಾರ್ಕಿಂಗ್ ಜಾಗದಲ್ಲಿ ಅಭಿಮಾನಿಗಳ ನಡುವೆಯೇ ನಡೆದು ಮೈದಾನಕ್ಕೆ ಬರುವ 'ಟೈಗರ್ ವಾಕ್' ಶುರು ಮಾಡಿದರು. ಮೊದಲ ಪಂದ್ಯ ಜಾರ್ಜಿಯಾ ಟೆಕ್ ಎದುರು, 21-17ರಲ್ಲಿ ಸೋತರು. ಆದರೆ ಕೊನೆಗೆ ಪಕ್ಕದ ವೈರಿ ಸೌತ್ ಕ್ಯಾರೊಲೈನಾವನ್ನು 31-14ರಲ್ಲಿ ಸೋಲಿಸಿದರು. ಡಿಸೆಂಬರ್ 1ಕ್ಕೆ 'ಹಂಗಾಮಿ' ಪದ ಹೋಯಿತು. ಯಾರಿದು, ಯಾಕೆ ಇವನು ಅಂತ ಗೊಣಗಿದವರು ಬೇಕಾದಷ್ಟಿದ್ದರು.

ಆಮೇಲೆ ಎಲ್ಲ ಸಲೀಸಾಯಿತಾ?

ಎಲ್ಲಿಯ ಸಲೀಸು. 2010ರಲ್ಲಿ ಅದೇ ಸೌತ್ ಕ್ಯಾರೊಲೈನಾ ತವರಿನಲ್ಲೇ 29-7ರಲ್ಲಿ ಹೊಡೆಯಿತು. ಇನ್ನು ನನ್ನ ಕೆಲಸ ಮುಗಿಯಿತು ಅಂತ ಡಾಬೊ ಆಫೀಸಿಗೆ ಹೋದರು. ಫಿಲಿಪ್ಸ್ ಅಲ್ಲಿಗೇ ಬಂದು ನಿಮ್ಮ ಮೇಲೆ ನಂಬಿಕೆ ಇದೆ ಅಂದರಂತೆ. ಆ ಸೀಸನ್ ಮುಗಿದಿದ್ದು 6-7ಕ್ಕೆ, ಅಂದರೆ ಆರು ಗೆಲುವು, ಏಳು ಸೋಲು.

2011ಕ್ಕೆ ಚಾಡ್ ಮಾರಿಸ್ ಅವರನ್ನು ಆಫೆನ್ಸ್‌ಗೆ ತಂದರು. ಎರಡು ವರ್ಷದ ಹಿಂದೆ ಇವರು ಟೆಕ್ಸಸ್‌ನಲ್ಲಿ ಹೈಸ್ಕೂಲ್ ಕೋಚ್ ಆಗಿದ್ದವರು! ಅದೇ ವರ್ಷ ಕ್ಲೆಮ್ಸನ್‌ಗೆ 1991ರ ನಂತರ ಮೊದಲ ಎಸಿಸಿ ಪಟ್ಟ ಬಂತು. ಆ ಖುಷಿಯಲ್ಲೇ ಆರೆಂಜ್ ಬೌಲ್‌ಗೆ ಹೋದರೆ ವೆಸ್ಟ್ ವರ್ಜೀನಿಯಾ ಹೊಡೆದಿದ್ದು 70 ಪಾಯಿಂಟ್. 70-33. ಮಾನ ಹೋಯಿತು. ಡಿಫೆನ್ಸ್ ಕೋಚ್ ಮನೆಗೆ ಹೋದರು, ಒಕ್ಲಹೋಮಾದಿಂದ ಬ್ರೆಂಟ್ ವೆನಬಲ್ಸ್ ಬಂದರು. ಮುಂದಿನ ಹತ್ತು ವರ್ಷ ಕ್ಲೆಮ್ಸನ್ ಡಿಫೆನ್ಸ್ ಅಂದರೆ ಎದುರಾಳಿಗಳು ನಡುಗುವ ಹಾಗಾಗಿದ್ದು ಇವರಿಂದ.

ಹಾಗಾದರೆ ಕೆಲಸವೆಲ್ಲ ಬೇರೆಯವರೇ ಮಾಡಿದರು, ಡಾಬೊ ಏನು ಮಾಡಿದರು?

ಈ ಪ್ರಶ್ನೆ ಜಾಸ್ತಿ ಕೇಳುತ್ತಾರೆ, ಅದೂ ಸ್ವಲ್ಪ ಕೊಂಕಿನಿಂದ. ನಿಜ, ಆಟದ ಯೋಜನೆ ಬರೆಯೋದು ಅವರ ಮುಖ್ಯ ಕೆಲಸ ಅಲ್ಲ. ಯಾರನ್ನು ತರಬೇಕು, ಯಾರನ್ನು ಕಳಿಸಬೇಕು, ನೂರಕ್ಕೂ ಜಾಸ್ತಿ ಹುಡುಗರನ್ನು ಒಂದೇ ಮನೆಯವರ ಹಾಗೆ ಹೇಗೆ ಇಟ್ಟುಕೊಳ್ಳಬೇಕು, ಅದು ಅವರ ಕೆಲಸ. ಮದುವೆ ಮನೆಯಲ್ಲಿ ಅಡುಗೆ ಭಟ್ಟರು ಬೇರೆ, ಇಡೀ ಮದುವೆ ನಡೆಸುವ ಯಜಮಾನ ಬೇರೆ. ಸಾರು ಕೆಟ್ಟರೆ ಬೈಗುಳ ಬೀಳೋದು ಯಜಮಾನನಿಗೇ.

ಆ ಒಂದು ಸೆಕೆಂಡಿನ ಟಚ್‌ಡೌನ್ ಬಗ್ಗೆ ಹೇಳಿ.

ಇದಕ್ಕೇ ಕಾಯುತ್ತಿದ್ದೆ.

ಹಿಂದಿನ ವರ್ಷದ ಫೈನಲ್‌ನಲ್ಲಿ ಅಲಬಾಮಾ 45-40ರಲ್ಲಿ ಕ್ಲೆಮ್ಸನ್‌ನನ್ನು ಸೋಲಿಸಿತ್ತು. 2017ರ ಜನವರಿ 9, ಟ್ಯಾಂಪಾ. ಮತ್ತೆ ಅದೇ ಎರಡು ತಂಡ. ಡಾಬೊ ಓದಿ, ಆಡಿ, ಕೆಲಸ ಕಳೆದುಕೊಂಡ ಅಲಬಾಮಾ. ಎರಡು ನಿಮಿಷ ಚಿಲ್ಲರೆ ಉಳಿದಿರುವಾಗ ಅಲಬಾಮಾ 31-28ಕ್ಕೆ ಮುಂದೆ ಹೋಯಿತು. ಕ್ವಾರ್ಟರ್‌ಬ್ಯಾಕ್ ಡಿಶಾನ್ ವಾಟ್ಸನ್ 68 ಯಾರ್ಡ್ ದೂರದಿಂದ ಶುರು ಮಾಡಿ ತಂಡವನ್ನು ಗೆರೆಯ ಹತ್ತಿರಕ್ಕೆ ಎಳೆದು ತಂದರು. ಉಳಿದಿದ್ದು ಎರಡು ಯಾರ್ಡ್, ಆರು ಸೆಕೆಂಡ್.

ಫೀಲ್ಡ್ ಗೋಲ್ ಒದ್ದರೆ ಮೂರು ಪಾಯಿಂಟ್, ಸ್ಕೋರ್ ಸಮ. ಅದು ಸುರಕ್ಷಿತ ದಾರಿ. ಅವರು ಇನ್ನೊಂದು ಸಲ ಟಚ್‌ಡೌನ್‌ಗೇ ಹೋದರು. ವಾಟ್ಸನ್ ಬಲಕ್ಕೆ ಓಡಿದರು. ಆ ಕಡೆ ಇಬ್ಬರು ರಿಸೀವರ್‌ಗಳು ಅಡ್ಡಹಾಯ್ದರು, ಅವರನ್ನು ತಡೆಯಬೇಕಾದ ಅಲಬಾಮಾದವರು ಒಬ್ಬರಿಗೊಬ್ಬರು ಸಿಕ್ಕಿಕೊಂಡರು, ಆ ಗೋಜಲಿನಿಂದ ಒಬ್ಬ ಮಾತ್ರ ಹೊರಗೆ ಜಾರಿದ. ಹಂಟರ್ ರೆನ್‌ಫ್ರೋ. ಸುತ್ತ ಯಾರೂ ಇಲ್ಲ. ಚೆಂಡು ಬಂತು, ಹಿಡಿದ. ಗಡಿಯಾರದಲ್ಲಿ ಒಂದು ಸೆಕೆಂಡ್. 35-31.

ಈ ರೆನ್‌ಫ್ರೋ ಯಾರು ಗೊತ್ತಾ? ವಾಕ್-ಆನ್. ಸ್ಕಾಲರ್‌ಶಿಪ್ ಇಲ್ಲದೆ ಬಂದ, ಸಾಧಾರಣ ಎತ್ತರದ ರಿಸೀವರ್. ಸಿನಿಮಾದಲ್ಲಿ ಹೀಗೆ ಬರೆದರೆ 'ಜಾಸ್ತಿಯಾಯ್ತು ಕಣಪ್ಪ' ಅಂತೀವಿ. ಆದರೆ ಇದನ್ನು ಪೂರ್ತಿ ಅದೃಷ್ಟ ಅನ್ನೋಕೂ ಆಗಲ್ಲ. ತಾನೇ ಬೆಂಚಿನ ಮೇಲೆ ಕೂತಿದ್ದ ಕೋಚ್ ಬೆಂಚಿನ ಕೊನೆಯ ತನಕ ಕಣ್ಣು ಹಾಯಿಸುತ್ತಾರೆ.

ಕ್ಲೆಮ್ಸನ್‌ಗೆ ಅದಕ್ಕೆ ಮೊದಲು ಚಾಂಪಿಯನ್ ಪಟ್ಟ ಬಂದಿದ್ದು 1981ರಲ್ಲಿ.

2018ರ ತಂಡ ಇನ್ನೂ ದೊಡ್ಡದು ಅಂತಾರಲ್ಲ?

ಲೆಕ್ಕದಲ್ಲಿ ಹೌದು. 15 ಪಂದ್ಯ, 15 ಗೆಲುವು. ಮೊದಲ ವರ್ಷದ ಹುಡುಗ ಟ್ರೆವರ್ ಲಾರೆನ್ಸ್ ಕ್ವಾರ್ಟರ್‌ಬ್ಯಾಕ್. ಫೈನಲ್‌ನಲ್ಲಿ ಮತ್ತೆ ಅಲಬಾಮಾ, 44-16. ಏಕಪಕ್ಷೀಯ ಪಂದ್ಯ. ನಾನು ಮಾತ್ರ ಯಾರಾದರೂ ಕೇಳಿದರೆ ಟ್ಯಾಂಪಾದ್ದನ್ನೇ ನೋಡಿ ಅನ್ನುತ್ತೇನೆ.

ಪಿಜ್ಜಾ ಪಾರ್ಟಿ ಏನದು?

2015ರಲ್ಲಿ ಡಾಬೊ ಒಂದು ಮಾತು ಕೊಟ್ಟರು. ತಂಡ ಪ್ಲೇಆಫ್‌ಗೆ ಹೋದರೆ ಮೈದಾನದಲ್ಲಿ ಎಲ್ಲರಿಗೂ ಪಿಜ್ಜಾ. ತಂಡ ಹೋಯಿತು. ಡಿಸೆಂಬರ್‌ನಲ್ಲಿ ಸಾವಿರಾರು ಜನ ನಿಜವಾಗಲೂ ಬಂದು ಕೂತರು. ಪಿಜ್ಜಾ ಹಂಚಿದರು.

ಸಂಬಳ ಎಷ್ಟು?

2019ರಲ್ಲಿ ಹತ್ತು ವರ್ಷಕ್ಕೆ 9.3 ಕೋಟಿ ಡಾಲರ್ ಒಪ್ಪಂದ. 2022ರಲ್ಲಿ ಅದನ್ನು ಬದಲಿಸಿ ಹತ್ತು ವರ್ಷಕ್ಕೆ 11.5 ಕೋಟಿ ಡಾಲರ್ ಮಾಡಿದರು. ಸರ್ಕಾರಿ ಯೂನಿವರ್ಸಿಟಿ ಅದು, ಮರೆಯಬೇಡಿ. ಅಮೆರಿಕದ ಎಷ್ಟೋ ರಾಜ್ಯಗಳಲ್ಲಿ ಅತಿ ಹೆಚ್ಚು ಸಂಬಳ ತೆಗೆದುಕೊಳ್ಳುವ ಸರ್ಕಾರಿ ನೌಕರ ಗವರ್ನರ್ ಅಲ್ಲ, ಕಾಲೇಜು ಕೋಚ್. ನ್ಯಾಯವಾ ಅಂತ ಕೇಳಿದರೆ ನನಗಂತೂ ಕಷ್ಟವಾಗುತ್ತೆ. ಆ ದುಡ್ಡು ಹುಟ್ಟೋದು ಟಿವಿ ಹಕ್ಕು ಮತ್ತು ಟಿಕೆಟ್‌ನಿಂದ. ಬಹಳ ಕಾಲ ಆಡುವ ಹುಡುಗರಿಗೆ ಅದರಲ್ಲಿ ಸ್ಕಾಲರ್‌ಶಿಪ್ ಬಿಟ್ಟರೆ ಹೆಚ್ಚೇನೂ ಸಿಗುತ್ತಿರಲಿಲ್ಲ.

ತವರು ಅಲಬಾಮಾಕ್ಕೆ ಯಾಕೆ ಹೋಗಲಿಲ್ಲ?

ಅಲಬಾಮಾದ ಹೆಡ್ ಕೋಚ್ ಆಗಿದ್ದ ನಿಕ್ ಸೇಬನ್ ನಂತರ ಡಾಬೊನೇ ಅಂತ ವರ್ಷಗಟ್ಟಲೆ ಗುಸುಗುಸು ಇತ್ತು. 2019ರ ಒಪ್ಪಂದದಲ್ಲಂತೂ ಅಲಬಾಮಾಕ್ಕೆ ಹೋದರೆ ಕಟ್ಟಬೇಕಾದ ದಂಡ ಬೇರೆ ಕಡೆಗಿಂತ ಜಾಸ್ತಿ ಅಂತಲೇ ಬರೆದಿದ್ದರು. 2024ರ ಜನವರಿಯಲ್ಲಿ ಸೇಬನ್ ನಿವೃತ್ತರಾದಾಗ ಕೆಲಸ ಸಿಕ್ಕಿದ್ದು ಕೇಲನ್ ಡಿಬೋರ್‌ಗೆ. ಹೊತ್ತು ಮೀರಿತ್ತು ಅನಿಸುತ್ತೆ.

ಈಗ ಯಾಕೆ ಅವರನ್ನು ಎಲ್ಲರೂ ಬೈತಾರೆ?

ಆಟದ ನಿಯಮ ಬದಲಾಯಿತು. 2018ರಲ್ಲಿ ಟ್ರಾನ್ಸ್‌ಫರ್ ಪೋರ್ಟಲ್ ಬಂತು. ಆಟಗಾರ ಅದರಲ್ಲಿ ಹೆಸರು ಹಾಕಿ ಬೇರೆ ಕಾಲೇಜಿಗೆ ಹೋಗಬಹುದು. ಹಾಗೆ ಕಾಲೇಜು ಬದಲಿಸಿದವರು ಒಂದು ವರ್ಷ ಆಡದೆ ಸುಮ್ಮನೆ ಕೂರಬೇಕಿದ್ದ ಶಿಕ್ಷೆಯೂ 2021ರಲ್ಲಿ ಹೋಯಿತು. ಅದೇ ವರ್ಷ ಜುಲೈನಿಂದ ಆಟಗಾರರು ತಮ್ಮ ಹೆಸರಿನ ಮೇಲೆ ಜಾಹೀರಾತಿನಿಂದ ದುಡಿಯಬಹುದು ಅಂತಾಯಿತು. 2025ರಿಂದ ಕಾಲೇಜುಗಳೇ ನೇರ ದುಡ್ಡು ಕೊಡಬಹುದು. ಬೇರೆ ಕೋಚ್‌ಗಳು ಪ್ರತಿ ವರ್ಷ ಸಂತೆಗೆ ಹೋದ ಹಾಗೆ ಪೋರ್ಟಲ್‌ಗೆ ಹೋಗಿ ಹತ್ತಿಪ್ಪತ್ತು ಜನರನ್ನು ತರುತ್ತಾರೆ. ಡಾಬೊ ಹೆಚ್ಚುಕಡಿಮೆ ಬಾಗಿಲು ಹಾಕಿಕೊಂಡು ಕೂತರು. ನಾವು ಹೈಸ್ಕೂಲಿನಿಂದ ಹುಡುಗರನ್ನು ತರುತ್ತೇವೆ, ಬೆಳೆಸುತ್ತೇವೆ ಅನ್ನೋದು ಅವರ ಹಠ.

ಹಠ ಅಂದೆ, ಆದರೆ ಅವರ ಬದುಕು ನೋಡಿದರೆ ಅರ್ಥವಾಗುತ್ತೆ. ಅವರಿಗೆ ಸಿಕ್ಕಿದ್ದೆಲ್ಲ ಒಂದೇ ಕಡೆ ತಡೆದುಕೊಂಡು ನಿಂತಿದ್ದಕ್ಕೆ, ಹಳೆಯ ಪರಿಚಯಕ್ಕೆ, ಯಾರೋ ಒಬ್ಬರು ಇನ್ನೊಂದು ವರ್ಷ ನಂಬಿದ್ದಕ್ಕೆ ಸಿಕ್ಕಿದ್ದು. ಸಿಬ್ಬಂದಿ ಆರಿಸುವಾಗಲೂ ಅದೇ. 2021ರ ಕೊನೆಗೆ ವೆನಬಲ್ಸ್ ಒಕ್ಲಹೋಮಾಕ್ಕೆ ಹೆಡ್ ಕೋಚ್ ಆಗಿ ಹೋದಾಗ ಹೊರಗಿನವರನ್ನು ಹುಡುಕದೆ ಒಳಗಿನವರನ್ನೇ ಬಡ್ತಿ ಕೊಟ್ಟು ಕೂರಿಸಿದರು. ಆಮೇಲೆ ಎರಡೂ ಕೋಆರ್ಡಿನೇಟರ್‌ಗಳನ್ನು ಬದಲಿಸಬೇಕಾಯಿತು. ಆದರೆ ಅವರ ದಾರಿ ಎಲ್ಲರಿಗೂ ದಾರಿಯಾಗಬೇಕಿಲ್ಲ. ಕೋಚ್‌ಗಳು ಜಾಸ್ತಿ ಸಂಬಳಕ್ಕೆ ಊರು ಬದಲಿಸಬಹುದು, ಹುಡುಗರು ಬದಲಿಸಬಾರದು ಅನ್ನೋದು ಎಲ್ಲಿಯ ನ್ಯಾಯ? ಇಲ್ಲಿ ನಾನು ಹುಡುಗರ ಕಡೆ.

ರೇಡಿಯೊದಲ್ಲಿ ಜಗಳ ಆಡಿದ್ದು ಇದಕ್ಕೇನಾ?

ಹೌದು, 2023ರ ಅಕ್ಟೋಬರ್ ಕೊನೆಯಲ್ಲಿ. ತಂಡ 4-4ರಲ್ಲಿ ಒದ್ದಾಡುತ್ತಿತ್ತು. ಸ್ಪಾರ್ಟನ್‌ಬರ್ಗ್‌ನಿಂದ ಒಬ್ಬ ಅಭಿಮಾನಿ ಕೋಚ್ ಕಾರ್ಯಕ್ರಮಕ್ಕೆ ಫೋನ್ ಮಾಡಿ, ಇಷ್ಟು ಸಂಬಳ ತಗೊಂಡು ಹೀಗೆ ಆಡಿಸೋದಾ ಅಂತ ಕೇಳಿದ. ಡಾಬೊ ಸಿಡಿದರು. ನಿಮಿಷಗಟ್ಟಲೆ ಬೈದರು, ಕೆಳಗಿಂದ ಮೇಲೆ ಬಂದ ಕಥೆಯನ್ನೆಲ್ಲ ಹೇಳಿದರು. ಕೇಳೋಕೆ ಅಷ್ಟು ಚೆನ್ನಾಗಿರಲಿಲ್ಲ. ಆದರೆ ಮುಂದಿನ ಶನಿವಾರ ನೋಟ್ರ ಡಾಮ್ ತಂಡವನ್ನು 31-23ರಲ್ಲಿ ಸೋಲಿಸಿದರು. ಆ ಗೆಲುವಿನಿಂದಲೇ ಫ್ರ್ಯಾಂಕ್ ಹೊವರ್ಡ್ ಅವರ ದಾಖಲೆ ಮುರಿದು ಕ್ಲೆಮ್ಸನ್ ಇತಿಹಾಸದಲ್ಲಿ ಅತಿ ಹೆಚ್ಚು ಪಂದ್ಯ ಗೆದ್ದ ಕೋಚ್ ಆದರು. ಉಳಿದ ಪಂದ್ಯ ಒಂದೂ ಸೋಲಲಿಲ್ಲ. ಆ ಫೋನ್ ಮಾಡಿದವನಿಗೂ ಸ್ವಲ್ಪ ಸಂಬಳ ಕೊಡಬೇಕಿತ್ತು ಅಂತ ನಾವು ತಮಾಷೆ ಮಾಡುತ್ತಿದ್ದೆವು.

2024ರಲ್ಲಿ ಮತ್ತೆ ಎಸಿಸಿ ಗೆದ್ದರು, ಅದೂ ಕೊನೇ ಕ್ಷಣದಲ್ಲಿ 56 ಯಾರ್ಡ್ ದೂರದಿಂದ ಒದ್ದ ಫೀಲ್ಡ್ ಗೋಲ್‌ನಿಂದ. 2025ಕ್ಕೆ ಪೋರ್ಟಲ್ ಬಾಗಿಲನ್ನು ಒಂದು ಗೇಣು ತೆರೆದರು. ದೇಶದಲ್ಲೇ ನಾಲ್ಕನೇ ರ‍್ಯಾಂಕ್‌ನಿಂದ ಶುರು ಮಾಡಿದ ತಂಡ ಮೊದಲ ನಾಲ್ಕರಲ್ಲಿ ಮೂರು ಸೋತಿತು. ಬೈಗುಳ ಮತ್ತೆ ಶುರು.

ಕ್ಲೆಮ್ಸನ್ ಪಂದ್ಯ ನೋಡಬೇಕು ಅಂದರೆ ಯಾವಾಗ ಕೂರಬೇಕು?

ಕಾಲೇಜು ಪಂದ್ಯಗಳು ಹೆಚ್ಚಾಗಿ ಶನಿವಾರ, ಆಗಸ್ಟ್ ಕೊನೆಯಿಂದ ನವೆಂಬರ್ ತನಕ. ಅಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ಇದ್ದರೆ ನಮಗೆ ರಾತ್ರಿ ಒಂಬತ್ತೂವರೆ. ಅಲ್ಲಿ ಸಂಜೆ ಏಳೂವರೆಗೆ ಇದ್ದರೆ ನಮಗೆ ಭಾನುವಾರ ಬೆಳಗಿನ ಜಾವ ಐದು. ನವೆಂಬರ್‌ನಲ್ಲಿ ಅವರು ಗಡಿಯಾರ ಹಿಂದಿಟ್ಟ ಮೇಲೆ ಇನ್ನೊಂದು ಗಂಟೆ ತಡ. ತವರಿನ ಪಂದ್ಯವಾದರೆ ಹತ್ತು ನಿಮಿಷ ಮುಂಚೆಯೇ ಕೂತುಬಿಡಿ. ಆಟಗಾರರು ಬಸ್ಸಿನಲ್ಲಿ ಮೈದಾನದ ಸುತ್ತ ಬಂದು, ಗುಡ್ಡದ ತುದಿಯಲ್ಲಿ ಇಳಿದು, ಅಲ್ಲಿ ಕಂಬದ ಮೇಲಿಟ್ಟ ಕಲ್ಲನ್ನು ಮುಟ್ಟಿ ಇಳಿಜಾರಿನಲ್ಲಿ ಓಡಿ ಬರುತ್ತಾರೆ. ಹೊವರ್ಡ್ಸ್ ರಾಕ್ ಅಂತ ಅದರ ಹೆಸರು, ಕ್ಯಾಲಿಫೋರ್ನಿಯಾದ ಡೆತ್ ವ್ಯಾಲಿಯಿಂದ ತಂದ ಕಲ್ಲು. ಹುಡುಗರ ಜೊತೆ ಐವತ್ತು ದಾಟಿದ ಒಬ್ಬರು ಎಲ್ಲರಿಗಿಂತ ಜೋರಾಗಿ ಓಡೋಕೆ ನೋಡುತ್ತಿದ್ದರೆ, ಅವರೇ ಡಾಬೊ.